ಮೊದಲು ನಂಬಬೇಕಾದವರು ನಾವು

ಹೈಸ್ಕೂಲು ಮೆಟ್ಟಿಲು ಹತ್ತಿದ ಮಕ್ಕಳ ಸುಳ್ಳು, ಕಳವು, ಹೊಡೆದಾಟ, ಎದುರುತ್ತರ, ಕ್ಲಾಸಿಗೆ ಚಕ್ಕರ್ ಇವುಗಳ ಪ್ರಸ್ತಾಪ ಬಂದಾಗಲೆಲ್ಲ ನಾನು ಹಿಡಿದಿರುವ ಪಟ್ಟು ಒಂದೇ. ದಾರಿ ತಪ್ಪಿದ ಮಗುವಿಗೆ ಬೇರೆಯವರ ಮನಸ್ಸೇ ತಿಳಿಯುವುದಿಲ್ಲ ಎಂಬ ತೀರ್ಮಾನ ಬಹುಪಾಲು ತಪ್ಪು. ಮನಸ್ಸು ಅದಕ್ಕೆ ತಿಳಿಯುತ್ತದೆ. ತಿಳಿದ ಮನಸ್ಸನ್ನು ನಂಬುವ ಧೈರ್ಯ ಬರುತ್ತಿಲ್ಲ. ಆದ್ದರಿಂದ ಕಾವಲು, ಶಿಕ್ಷೆ, ಉಪದೇಶಗಳನ್ನು ಹೆಚ್ಚಿಸುವುದಕ್ಕೆ ಮುಂಚೆ ನಂಬಿಕೆಯನ್ನು ಕಟ್ಟಬೇಕು, ಅದರ ಮೊದಲ ಹೆಜ್ಜೆಯನ್ನು ದೊಡ್ಡವರೇ ಇಡಬೇಕು.

ಈ ಮಾತಿಗೆ ಸ್ಟಾಫ್ ರೂಮಿನಲ್ಲಿ, ಪೋಷಕರ ಸಭೆಯಲ್ಲಿ, ಎಸ್‌ಡಿಎಂಸಿ ಸಭೆಯಲ್ಲಿ ಎದುರಾಗುವ ಆಕ್ಷೇಪಗಳು ಹಲವು. ಅವನ್ನು ಎತ್ತುವವರು ಮಕ್ಕಳ ವೈರಿಗಳಲ್ಲ. ಅವರ ಮಾತಿನಲ್ಲಿ ದಣಿವಿದೆ, ಭಯವಿದೆ, ಮಕ್ಕಳು ಕೆಟ್ಟುಹೋದಾರೆಂಬ ನಿಜವಾದ ಕಾಳಜಿಯೂ ಇದೆ. ಹಾಗಾಗಿ ಯಾವ ಆಕ್ಷೇಪವನ್ನೂ ಬಡಕಲು ಮಾಡಿ ತೋರಿಸದೆ, ಅದರ ಪೂರ್ತಿ ಬಲದೊಂದಿಗೆ ಎದುರಿಗಿಟ್ಟುಕೊಂಡು ಉತ್ತರಿಸುತ್ತೇನೆ.

1. ‘ಈ ಹುಡುಗರಿಗೆ ಇನ್ನೊಬ್ಬರ ನೋವೇ ತಿಳಿಯುವುದಿಲ್ಲ’

ಎಲ್ಲಕ್ಕಿಂತ ಹೆಚ್ಚು ಕೇಳಿಬರುವ ವಾದ ಇದು. ಸಹಪಾಠಿಗೆ ಅಡ್ಡಹೆಸರಿಟ್ಟು ಅಳಿಸುವ ಹುಡುಗನಿಗೆ ಆ ಸಂಕಟ ಕಾಣುತ್ತಿಲ್ಲ, ಕಂಡಿದ್ದರೆ ಹಾಗೆ ಮಾಡುತ್ತಿರಲಿಲ್ಲ, ಆದ್ದರಿಂದ ನೀತಿಪಾಠ ಹೇಳಿ ಅವನ ಕಣ್ಣು ತೆರೆಸಬೇಕು ಎಂಬುದು ಇದರ ತಿರುಳು.

ಇನ್ನೊಬ್ಬರ ತಲೆಯಲ್ಲಿ ನನ್ನ ತಿಳಿವಳಿಕೆಗಿಂತ ಬೇರೆಯದೇ ಇರಬಹುದು ಎಂಬುದು ಮಗುವಿಗೆ ಯಾವಾಗ ಹೊಳೆಯುತ್ತದೆ? 1983ರಲ್ಲಿ ಹೈಂಝ್ ವಿಮ್ಮರ್ ಮತ್ತು ಯೋಸೆಫ್ ಪೆರ್ನರ್ ಎಂಬ ಮನೋವಿಜ್ಞಾನಿಗಳು ಇದನ್ನು ಒಂದು ಪುಟ್ಟ ಕತೆಯಿಂದ ಪರೀಕ್ಷಿಸಿದರು. ಮ್ಯಾಕ್ಸಿ ಎಂಬ ಹುಡುಗ ಚಾಕೊಲೇಟನ್ನು ಒಂದು ಕಪಾಟಿನಲ್ಲಿಟ್ಟು ಹೊರಗೆ ಹೋಗುತ್ತಾನೆ. ಅವನಿಲ್ಲದಾಗ ಅಮ್ಮ ಅದನ್ನು ಇನ್ನೊಂದು ಕಪಾಟಿಗೆ ಸೇರಿಸುತ್ತಾಳೆ. ಮರಳಿ ಬಂದ ಮ್ಯಾಕ್ಸಿ ಎಲ್ಲಿ ಹುಡುಕುತ್ತಾನೆ? ಮೂರು ವರ್ಷದ ಮಕ್ಕಳು ಸಾಮಾನ್ಯವಾಗಿ ಚಾಕೊಲೇಟು ಈಗ ಇರುವ ಕಪಾಟನ್ನು ತೋರಿಸುತ್ತಾರೆ. ನಾಲ್ಕೈದು ವರ್ಷ ತುಂಬುವಷ್ಟರಲ್ಲಿ ಮ್ಯಾಕ್ಸಿ ತಾನಿಟ್ಟು ಹೋದ ಕಡೆಯೇ ಹುಡುಕುತ್ತಾನೆ ಎನ್ನಲು ಕಲಿತಿರುತ್ತಾರೆ. 2005ರಲ್ಲಿ ಪ್ರಕಟವಾದ ಒಂದು ಅಧ್ಯಯನ ಕೆನಡಾ, ಭಾರತ, ಪೆರು, ಸಮೋವಾ, ಥಾಯ್ಲೆಂಡ್ ಈ ಐದೂ ಕಡೆ ಇಂಥದೇ ಪರೀಕ್ಷೆಯನ್ನು ಒಡ್ಡಿತು. ಐದೂ ಕಡೆ ಈ ಅರಿವು ಹೆಚ್ಚುಕಡಿಮೆ ಒಂದೇ ವಯಸ್ಸಿಗೆ ಮೂಡುವುದು ಕಂಡುಬಂತು. ಎಂಟನೇ ತರಗತಿಗೆ ಬಂದ ಹುಡುಗನಿಗೆ ಈ ಶಕ್ತಿ ಒದಗಿ ಎಷ್ಟೋ ವರ್ಷ ಕಳೆದಿರುತ್ತದೆ.

ಇನ್ನೂ ಮುಖ್ಯವಾದ ಸಾಕ್ಷ್ಯ ಬೇರೆಯಿದೆ. 1999ರಲ್ಲಿ ಜಾನ್ ಸಟನ್, ಪೀಟರ್ ಸ್ಮಿತ್ ಮತ್ತು ಜಾನ್ ಸ್ವೆಟ್ಟನ್‌ಹ್ಯಾಮ್ 7ರಿಂದ 10 ವರ್ಷದ 193 ಮಕ್ಕಳನ್ನು ಕೂರಿಸಿ ಕತೆಗಳನ್ನು ಹೇಳಿ, ಪಾತ್ರಗಳ ಮನಸ್ಸಿನಲ್ಲಿ ಏನಿದೆ ಎಂದು ಕೇಳಿದರು. ಬೇರೆ ಮಕ್ಕಳನ್ನು ಪೀಡಿಸುವ ಗುಂಪಿನ ಮುಂದಾಳುಗಳೇ ಈ ಪರೀಕ್ಷೆಯಲ್ಲಿ ಹೆಚ್ಚು ಅಂಕ ಪಡೆದರು. ಅವರ ಬಾಲಬಡುಕರಿಗೂ ಪೀಡೆಗೆ ಗುರಿಯಾದವರಿಗೂ ಅಷ್ಟು ಅಂಕ ಬರಲಿಲ್ಲ. ಯಾರನ್ನು ಯಾವ ಮಾತಿನಿಂದ ನೋಯಿಸಬಹುದು, ಯಾರು ದೂರು ಕೊಡುವುದಿಲ್ಲ, ಯಾರ ಮುಂದೆ ನಗೆಪಾಟಲು ಮಾಡಿದರೆ ಹೆಚ್ಚು ಚುಚ್ಚುತ್ತದೆ ಎಂಬುದನ್ನು ಲೆಕ್ಕ ಹಾಕಲು ಎದುರಿಗಿರುವವರ ಮನಸ್ಸು ಗೊತ್ತಿರಲೇಬೇಕಲ್ಲವೇ? ಇತರರ ಮನಸ್ಸನ್ನು ಊಹಿಸಲು ನಿಜಕ್ಕೂ ಕಷ್ಟಪಡುವ ಆಟಿಸಂ ಇರುವ ಮಕ್ಕಳು ಶಾಲೆಗಳಲ್ಲಿ ಹೆಚ್ಚಾಗಿ ಪೀಡೆಗೆ ಗುರಿಯಾಗುವವರು ಎಂಬುದನ್ನು ಈ ವಾದ ಹೂಡುವವರು ಗಮನಿಸಬೇಕು. ಮನಸ್ಸು ಓದಲು ಬಾರದಿರುವುದೂ ಕ್ರೌರ್ಯವೂ ಒಂದೇ ಅಲ್ಲ.

ಹಾಗೆಂದು ಹದಿಹರೆಯದಲ್ಲಿ ಎಲ್ಲವೂ ಪಕ್ವವಾಗಿರುತ್ತದೆ ಎಂದೂ ನಾನು ಹೇಳುವುದಿಲ್ಲ. 2010ರಲ್ಲಿ ಇರೋಯಿಸ್ ಡ್ಯೂಮೊಂಥೇಲ್, ಇಯಾನ್ ಆಪರ್ಲಿ ಮತ್ತು ಸಾರಾ ಜೇನ್ ಬ್ಲೇಕ್‌ಮೋರ್ ನಡೆಸಿದ ಪ್ರಯೋಗದಲ್ಲಿ ಆದೇಶ ಕೊಡುವವನಿಗೆ ಯಾವ ವಸ್ತುಗಳು ಕಾಣಿಸುತ್ತವೆ, ಯಾವುವು ಮರೆಯಾಗಿವೆ ಎಂಬುದನ್ನು ನೆನಪಿಟ್ಟುಕೊಂಡು ಚಕಚಕನೆ ಕೆಲಸ ಮಾಡಬೇಕಿತ್ತು. ಹದಿಹರೆಯದವರು ವಯಸ್ಕರಿಗಿಂತ ಹೆಚ್ಚು ತಪ್ಪಿದರು. ಅಂದರೆ ಎದುರಿಗಿರುವವರಿಗೆ ಬೇರೆ ನೋಟವಿದೆ ಎಂಬ ತಿಳಿವು ಅವರಲ್ಲಿದೆ. ಅವಸರದಲ್ಲಿ ಆ ತಿಳಿವನ್ನು ಬಳಸುವ ರೂಢಿ ಇನ್ನೂ ಬಲಿಯುತ್ತಿದೆ. ಇದಕ್ಕೆ ಬೇಕಾದದ್ದು ನಿಧಾನವಾಗಿ ಯೋಚಿಸಲು ಅವಕಾಶ. ಬೆಂಚಿನ ಮೇಲೆ ನಿಲ್ಲಿಸಿ ಎಲ್ಲರೆದುರು ಬೈಯುವಾಗ ನಾವು ಕಸಿದುಕೊಳ್ಳುವುದು ಅದನ್ನೇ.

2. ‘ಹಾಗಾದರೆ ಜಾಣ ಪುಂಡನನ್ನು ಇನ್ನಷ್ಟು ಜಾಣನನ್ನಾಗಿ ಮಾಡಬೇಕೇ?’

ಇದು ಹಿಂದಿನ ಉತ್ತರದಿಂದಲೇ ಹುಟ್ಟುವ ಪ್ರಶ್ನೆ, ನ್ಯಾಯವಾದ ಪ್ರಶ್ನೆ. ಮನಸ್ಸು ಓದಬಲ್ಲವರೇ ಪೀಡಕರಾದರೆ, ಮನಸ್ಸು ಅರಿಯುವುದನ್ನು ಕಲಿಸಿ ಏನು ಬಂತು?

ಎಲ್ಲ ದುರ್ವರ್ತನೆಯೂ ಒಂದೇ ಬಗೆಯದಲ್ಲ. ತಣ್ಣಗೆ ಲೆಕ್ಕ ಹಾಕಿ ಪೀಡಿಸುವವರು ಇದ್ದಾರೆ, ಆದರೆ ಸಂಖ್ಯೆಯಲ್ಲಿ ಕಡಿಮೆ. ಶಾಲೆಯ ಮೈದಾನದಲ್ಲಿ ದಿನನಿತ್ಯ ನಡೆಯುವ ಬಹುಪಾಲು ಜಗಳಗಳ ಮೂಲ ಬೇರೆ. ಕಾರಿಡಾರಿನಲ್ಲಿ ಒಬ್ಬನ ಭುಜ ಇನ್ನೊಬ್ಬನಿಗೆ ತಗಲುತ್ತದೆ. ‘ಬೇಕಂತಲೇ ಗುದ್ದಿದ’ ಎಂದು ಆ ಕ್ಷಣದಲ್ಲೇ ತೀರ್ಮಾನವಾಗಿ ಕೈ ಮೇಲೇಳುತ್ತದೆ. ಕೆನೆತ್ ಡಾಡ್ಜ್ 1980ರಿಂದ ಅಧ್ಯಯನ ಮಾಡುತ್ತ ಬಂದಿರುವುದು ಇದನ್ನೇ. ಹೊಡೆದಾಡುವ ಸ್ವಭಾವದ ಮಕ್ಕಳು ಎದುರಿಗಿರುವವರ ಉದ್ದೇಶ ಸ್ಪಷ್ಟವಿಲ್ಲದಿದ್ದಾಗ ಅಲ್ಲಿ ಹಗೆತನವನ್ನೇ ಕಾಣುತ್ತಾರೆ. 2015ರಲ್ಲಿ ಅವರ ತಂಡ 9 ದೇಶಗಳ 12 ಸಮುದಾಯಗಳ 1,299 ಮಕ್ಕಳನ್ನು ನಾಲ್ಕು ವರ್ಷ ಹಿಂಬಾಲಿಸಿ ನೋಡಿದಾಗ ಎಲ್ಲ ಸಮುದಾಯಗಳಲ್ಲೂ ಕಂಡದ್ದು ಒಂದೇ ನಂಟು: ‘ಅವನು ನನಗೆ ಕೇಡು ಬಯಸಿದ’ ಎಂದುಕೊಂಡ ಮಗು ತಿರುಗಿ ಹೊಡೆಯಲು ಹೊರಡುತ್ತದೆ.

ಇಲ್ಲಿ ಮಗು ಎದುರಿಗಿರುವವನ ಮನಸ್ಸನ್ನು ಓದುತ್ತಿದೆ, ಬೇಕಾದ್ದಕ್ಕಿಂತ ಹೆಚ್ಚೇ ಓದುತ್ತಿದೆ. ಆದರೆ ಪ್ರತಿ ಸಲವೂ ಅದಕ್ಕೆ ಸಿಗುವ ಉತ್ತರ ಒಂದೇ. ಆ ಉತ್ತರ ಎಲ್ಲಿಂದ ಬಂತು? 1990ರಲ್ಲಿ ಡಾಡ್ಜ್, ಬೇಟ್ಸ್ ಮತ್ತು ಪೆಟಿಟ್ 309 ಮಕ್ಕಳ ಬಗ್ಗೆ ಪ್ರಕಟಿಸಿದ ಅಧ್ಯಯನ ಇದಕ್ಕೆ ದಾರಿ ತೋರಿಸಿತು. ಎಳವೆಯಲ್ಲೇ ಮನೆಯಲ್ಲಿ ಪೆಟ್ಟು ತಿಂದ ಮಕ್ಕಳು ಶಾಲೆಗೆ ಕಾಲಿಡುವ ಹೊತ್ತಿಗೆ ಹೆಚ್ಚು ಆಕ್ರಮಣಶೀಲರಾಗಿದ್ದರು. ಸುತ್ತಲಿನವರಲ್ಲಿ ಹಗೆ ಕಾಣುವ ಅಭ್ಯಾಸವೂ ಅವರಲ್ಲಿ ಬೇರೂರಿತ್ತು. ಅಂಥ ಮಗು ಕಲ್ಪಿಸಿಕೊಳ್ಳುತ್ತಿಲ್ಲ, ತಾನು ಕಂಡದ್ದನ್ನೇ ಎಲ್ಲೆಡೆ ಕಾಣುತ್ತಿದೆ. ಅದಕ್ಕೆ ಕಲಿಸಬೇಕಾದದ್ದು ಮನಸ್ಸು ಓದುವ ಹೊಸ ಜಾಣತನವನ್ನಲ್ಲ. ಎಲ್ಲ ದೊಡ್ಡವರೂ ಹೊಡೆಯುವವರಲ್ಲ, ಎಲ್ಲ ತಗಲುವಿಕೆಯೂ ಗುದ್ದಲ್ಲ ಎಂಬ ಅನುಭವವನ್ನು ಅದಕ್ಕೆ ಮತ್ತೆ ಮತ್ತೆ ಒದಗಿಸಬೇಕು. ನಂಬಿಕೆ ಎಂದು ನಾನು ಕರೆಯುವುದು ಈ ಅನುಭವವನ್ನು.

3. ‘ನಂಬಿದರೆ ತಲೆಯ ಮೇಲೆ ಕೂರುತ್ತಾರೆ, ಕಾವಲೇ ಮದ್ದು’

ಈ ವಾದಕ್ಕೆ ಈಚೆಗೆ ಬಲ ಬಂದಿದೆ. 2022ರ ನವೆಂಬರ್‌ನಲ್ಲಿ ಬೆಂಗಳೂರಿನ ಕೆಲವು ಶಾಲೆಗಳಲ್ಲಿ ಮೊಬೈಲ್ ಹುಡುಕಲೆಂದು ಮಕ್ಕಳ ಬ್ಯಾಗ್ ತೆರೆಸಿದಾಗ ಸಿಗರೇಟು, ಲೈಟರು, ಗರ್ಭನಿರೋಧಕಗಳು ಸಿಕ್ಕವೆಂಬ ಸುದ್ದಿ ಪತ್ರಿಕೆಗಳಲ್ಲಿ ಬಂದು ಪೋಷಕರು ಕಂಗಾಲಾದರು. ‘ನೋಡಿದಿರಾ, ಹುಡುಕದೇ ಹೋಗಿದ್ದರೆ ಗೊತ್ತೇ ಆಗುತ್ತಿರಲಿಲ್ಲ’ ಎಂಬ ಮಾತು ಆಗ ಮನೆಮನೆಯಲ್ಲೂ ಕೇಳಿಸಿತು. ಫೋನಿನ ಪಾಸ್‌ವರ್ಡ್ ಕೇಳುವುದು, ಲೊಕೇಶನ್ ನೋಡುವುದು, ಗೆಳೆಯರಿಗೆ ಫೋನ್ ಮಾಡಿ ವಿಚಾರಿಸುವುದು ಜವಾಬ್ದಾರಿಯುತ ತಂದೆತಾಯಿಯ ಲಕ್ಷಣವೆಂದೇ ಎಷ್ಟೋ ಮನೆಗಳಲ್ಲಿ ಎಣಿಕೆಯಾಗಿದೆ.

ಕಾವಲಿನಿಂದ ವಸ್ತು ಸಿಗುತ್ತದೆ ಎಂಬುದು ನಿಜ. ಆದರೆ ಅದು ಬ್ಯಾಗಿಗೆ ಹೇಗೆ ಬಂತು, ಯಾರು ಕೊಟ್ಟರು, ಮಗು ಯಾರ ಒತ್ತಡಕ್ಕೆ ಸಿಕ್ಕಿದೆ ಎಂಬುದನ್ನು ಬ್ಯಾಗು ಹೇಳುವುದಿಲ್ಲ. ಅದನ್ನು ಹೇಳಬಲ್ಲದ್ದು ಮಗುವೊಂದೇ. ಮುಂದಿನ ವಾರ ಬ್ಯಾಗು ಖಾಲಿಯಿರುತ್ತದೆ, ವಸ್ತು ಇನ್ನೆಲ್ಲೋ ಇರುತ್ತದೆ, ಮಗುವಿನ ಬಾಯಿ ಮಾತ್ರ ಪೂರ್ತಿ ಮುಚ್ಚಿಹೋಗಿರುತ್ತದೆ.

ಈ ವಿಷಯದಲ್ಲಿ ಸ್ವೀಡನ್ನಿನ ಹೋಕನ್ ಸ್ಟಾಟಿನ್ ಮತ್ತು ಮಾರ್ಗರೆಟ್ ಕೆರ್ 2000ರಲ್ಲಿ ಪ್ರಕಟಿಸಿದ ಕೆಲಸವನ್ನು ಪ್ರತಿಯೊಬ್ಬ ಪೋಷಕರೂ ತಿಳಿಯಬೇಕು. ಮಕ್ಕಳು ಎಲ್ಲಿದ್ದಾರೆ, ಯಾರ ಜೊತೆಗಿದ್ದಾರೆ ಎಂಬುದು ಗೊತ್ತಿರುವ ತಂದೆತಾಯಿಗಳ ಮಕ್ಕಳಲ್ಲಿ ದುರ್ವರ್ತನೆ ಕಡಿಮೆ ಎಂದು ಅದಕ್ಕೆ ಮುಂಚಿನ ಹಲವಾರು ಅಧ್ಯಯನಗಳು ಹೇಳಿದ್ದವು. ಅದನ್ನೇ ‘ಕಾವಲಿನ ಫಲ’ ಎಂದು ಎಲ್ಲರೂ ನಂಬಿದ್ದರು. ಸ್ಟಾಟಿನ್ ಮತ್ತು ಕೆರ್ ಕೇಳಿದ್ದು ಸರಳ ಪ್ರಶ್ನೆ: ತಂದೆತಾಯಿಗೆ ಅದು ಗೊತ್ತಾದದ್ದು ಹೇಗೆ? 14 ವರ್ಷದ 703 ಮಕ್ಕಳನ್ನೂ ಅವರ ಹೆತ್ತವರನ್ನೂ ಕೇಳಿದಾಗ ತಿಳಿದದ್ದು, ಆ ಅರಿವಿನ ದೊಡ್ಡ ಪಾಲು ಮಕ್ಕಳೇ ತಾವಾಗಿ ಬಂದು ಹೇಳಿದ್ದರಿಂದ ಬಂದದ್ದು. ಪ್ರಶ್ನೆ ಕೇಳಿ ಕೇಳಿ ಪಡೆದದ್ದು, ಕಟ್ಟುಪಾಡು ವಿಧಿಸಿ ಪಡೆದದ್ದು ಅಷ್ಟಿರಲಿಲ್ಲ. ದುರ್ವರ್ತನೆ ಕಡಿಮೆಯಿರುವುದಕ್ಕೆ ಹೆಚ್ಚು ನಂಟಿದ್ದದ್ದೂ ಮಗು ತಾನಾಗಿ ಹೇಳುವ ಈ ಅಭ್ಯಾಸಕ್ಕೇ. ಇದಕ್ಕೆ ಒಂದು ವರ್ಷ ಮೊದಲು, 1999ರಲ್ಲಿ, ಅದೇ ತಂಡ ಹೆತ್ತವರು ಮಗುವಿನ ಮೇಲಿಟ್ಟ ನಂಬಿಕೆಯೂ ಇದೇ ಬೇರಿನಿಂದ ಬೆಳೆಯುತ್ತದೆ ಎಂದು ತೋರಿಸಿತ್ತು.

ಇಲ್ಲಿ ಚುರುಕಾದ ಎದುರಾಳಿ ಒಂದು ತಡೆ ಒಡ್ಡುತ್ತಾರೆ: ‘ಒಳ್ಳೆಯ ಮಕ್ಕಳು ಹೇಳುತ್ತಾರೆ, ತಪ್ಪು ಮಾಡುವವರು ಮುಚ್ಚಿಡುತ್ತಾರೆ. ಅಷ್ಟೇ ತಾನೇ? ನಂಬಿಕೆಯಿಂದ ಒಳ್ಳೆಯವರಾದರು ಎಂದು ಹೇಗೆ ಹೇಳುತ್ತೀರಿ?’ ಈ ತಡೆಯಲ್ಲಿ ಸತ್ಯಾಂಶವಿದೆ. ಒಳ್ಳೆಯ ನಡತೆ ಮತ್ತು ಮುಚ್ಚುಮರೆಯಿಲ್ಲದ ಮಾತು ಒಂದನ್ನೊಂದು ಬೆಳೆಸುತ್ತವೆ. ಆದರೆ ಈ ತಡೆ ಕಾವಲಿನ ಪರವಾಗಿ ಏನನ್ನೂ ಸಾಬೀತು ಮಾಡುವುದಿಲ್ಲ. 2010ರಲ್ಲಿ ಕೆರ್, ಸ್ಟಾಟಿನ್ ಮತ್ತು ಬರ್ಕ್ ಮಕ್ಕಳನ್ನೂ ಹೆತ್ತವರನ್ನೂ ಕಾಲಾಂತರದಲ್ಲಿ ಮತ್ತೆ ಮತ್ತೆ ಕೇಳಿದ ಮಾಹಿತಿಯನ್ನು ಪರಿಶೀಲಿಸಿದಾಗ, ಮಗು ತಾನಾಗಿ ಹೇಳುವುದು ಹೆತ್ತವರ ಮುಂದಿನ ಅರಿವನ್ನು ಹೆಚ್ಚಿಸಿತ್ತು. ಹೆತ್ತವರ ಕಾವಲು ಹೆಚ್ಚಿಸಿರಲಿಲ್ಲ. ಅಂದರೆ ತಪ್ಪು ಮುಚ್ಚಿಡುವ ಮಗುವಿನ ಬಗ್ಗೆ ತಿಳಿಯಲೆಂದೇ ನಾವು ಕಾವಲು ಹಾಕುತ್ತೇವೆ, ಆದರೆ ತಿಳಿಯಬೇಕಾದ್ದನ್ನು ತಿಳಿಸುವ ಕೆಲಸದಲ್ಲೇ ಕಾವಲು ಸೋಲುತ್ತದೆ.

ಹದಿಹರೆಯದವರು ನಂಬಿಕೆಯನ್ನು ದುರುಪಯೋಗ ಮಾಡಿಯೇ ತೀರುತ್ತಾರೆ ಎಂಬುದೂ ನಿಲ್ಲುವ ಮಾತಲ್ಲ. ಅರ್ಥಶಾಸ್ತ್ರಜ್ಞರು 1995ರಲ್ಲಿ ರೂಪಿಸಿದ ‘ನಂಬಿಕೆಯ ಆಟ’ದಲ್ಲಿ ಒಬ್ಬರು ಕೊಟ್ಟ ಹಣ ಮೂರು ಪಟ್ಟಾಗಿ ಎದುರಿನವರಿಗೆ ಸೇರುತ್ತದೆ. ಅವರು ಎಷ್ಟು ಹಿಂದಿರುಗಿಸುತ್ತಾರೆ ಎಂಬುದು ಅವರ ಇಷ್ಟ. ಆನ್ ಕ್ಯಾಥ್ರಿನ್ ಫೆಟ್ ಮತ್ತು ಸಂಗಡಿಗರು 2014ರಲ್ಲಿ 13ರಿಂದ 18 ವರ್ಷದವರಿಗೆ ಈ ಆಟ ಆಡಿಸಿದಾಗ, ಸಹಕರಿಸುವ ಜೊತೆಗಾರ ಸಿಕ್ಕಾಗ ಅವರ ನಂಬಿಕೆ ಏರಿತು, ಅನ್ಯಾಯ ಮಾಡುವವನು ಸಿಕ್ಕಾಗ ಇಳಿಯಿತು. ಇನ್ನೊಬ್ಬರ ಜಾಗದಲ್ಲಿ ನಿಂತು ನೋಡುವ ರೂಢಿ ಹೆಚ್ಚಿದ್ದವರು ಮೊದಲ ಭೇಟಿಯಲ್ಲೇ ಹೆಚ್ಚು ನಂಬಿದರು. ಎದುರಿನವರು ತಮ್ಮೊಂದಿಗೆ ಹೇಗೆ ನಡೆದುಕೊಂಡರು ಎಂಬುದನ್ನು ಈ ವಯಸ್ಸಿನವರು ಕರಾರುವಾಕ್ಕಾಗಿ ಅಳೆದು ಹಿಂದಿರುಗಿಸುತ್ತಾರೆ. ಅಳತೆಗೆ ಸಿಗುವುದು ನಮ್ಮ ನಡತೆ.

ನಂಬಿಕೆ ಎಂದರೆ ಕಣ್ಣುಮುಚ್ಚಿಕೊಳ್ಳುವುದಲ್ಲ ಎಂಬುದನ್ನೂ ಇಲ್ಲೇ ಹೇಳಬೇಕು. ಮಕ್ಕಳ ನಂಬಿಕೆಯನ್ನೇ ಅಧ್ಯಯನದ ವಿಷಯವಾಗಿಸಿಕೊಂಡ ಕೆನ್ ರೋಟೆನ್‌ಬರ್ಗ್ 2005ರ ಕೆಲಸದಲ್ಲಿ ಯಾರನ್ನೂ ನಂಬದ ಮಕ್ಕಳಷ್ಟೇ ಎಲ್ಲರನ್ನೂ ವಿಪರೀತ ನಂಬುವ ಮಕ್ಕಳೂ ತೊಂದರೆಗೆ ಸಿಲುಕುತ್ತಾರೆ ಎಂದು ತೋರಿಸಿದ್ದಾರೆ. ‘ರಾತ್ರಿ ಹತ್ತರೊಳಗೆ ಮನೆಗೆ ಬಾ, ತಡವಾದರೆ ಫೋನ್ ಮಾಡು’ ಎನ್ನುವ ಕಟ್ಟುಪಾಡಿಗೂ ನಂಬಿಕೆಗೂ ವೈರವಿಲ್ಲ. ಎಲ್ಲರಿಗೂ ತಿಳಿದ ನಿಯಮ ಬೇರೆ, ಮಗುವಿಗೆ ತಿಳಿಯದಂತೆ ಅದರ ಮೆಸೇಜು ಓದುವುದು ಬೇರೆ.

4. ‘ನಾವೂ ಏಟು ತಿಂದೇ ಬೆಳೆದವರು, ಏನಾಗಿದೆ?’

ದಂಡಂ ದಶಗುಣಂ ಎಂಬ ಮಾತನ್ನು ಬಾಯಿಪಾಠ ಮಾಡಿಕೊಂಡವರ ವಾದ ಇದು. ನಾಗರಬೆತ್ತದ ಭಯವಿಲ್ಲದೆ ಶಿಸ್ತು ಬರುವುದಿಲ್ಲ ಎನ್ನುತ್ತಾರೆ.

ಏಟು ತಿಂದು ಚೆನ್ನಾಗಿ ಬೆಳೆದವರು ಇದ್ದಾರೆ. ಆದರೆ ಸಭೆಯಲ್ಲಿ ಎದ್ದುನಿಂತು ಹಾಗೆ ಹೇಳಬಲ್ಲವರು ಅವರು ಮಾತ್ರ. ಏಟಿಗೆ ಹೆದರಿ ಶಾಲೆ ಬಿಟ್ಟವರು, ಮನೆ ಬಿಟ್ಟು ರೈಲು ಹತ್ತಿದವರು ಆ ಸಭೆಯಲ್ಲಿ ಇರುವುದಿಲ್ಲ. ಎಲಿಜಬೆತ್ ಗರ್ಶಾಫ್ ಮತ್ತು ಆಂಡ್ರ್ಯೂ ಗ್ರೋಗನ್ ಕೇಲರ್ 2016ರಲ್ಲಿ 75 ಅಧ್ಯಯನಗಳನ್ನು, ಒಟ್ಟು 1,60,927 ಮಕ್ಕಳ ಮಾಹಿತಿಯನ್ನು ಒಟ್ಟುಗೂಡಿಸಿ ನೋಡಿದರು. ಹೆತ್ತವರ ಏಟಿನ ಜೊತೆ ಹೆಣೆದುಕೊಂಡಿದ್ದವು ಹೆಚ್ಚಿದ ಆಕ್ರಮಣಶೀಲತೆ, ಸಮಾಜವಿರೋಧಿ ನಡತೆ, ಮಾನಸಿಕ ತೊಂದರೆ, ಹೆತ್ತವರೊಂದಿಗೆ ಹದಗೆಟ್ಟ ಸಂಬಂಧ. ಯಾವ ದುರ್ವರ್ತನೆ ತಡೆಯಲೆಂದು ಹೊಡೆಯುತ್ತೇವೋ ಅದರ ಪಕ್ಕದಲ್ಲೇ ಏಟು ನಿಂತಿರುತ್ತದೆ.

ನಮ್ಮಲ್ಲಿ ಇದು ಅಪರೂಪವೂ ಅಲ್ಲ. ಕೇಂದ್ರ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವಾಲಯ 2007ರಲ್ಲಿ ಹೊರತಂದ, 13 ರಾಜ್ಯಗಳಲ್ಲಿ ನಡೆಸಿದ ಅಧ್ಯಯನದಲ್ಲಿ ಮೂವರಲ್ಲಿ ಇಬ್ಬರು ಮಕ್ಕಳು ದೈಹಿಕ ಹಿಂಸೆಗೆ ಒಳಗಾಗಿದ್ದರು. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ವಿಧಿ ದೈಹಿಕ ಶಿಕ್ಷೆಯನ್ನೂ ಮಾನಸಿಕ ಕಿರುಕುಳವನ್ನೂ ನಿಷೇಧಿಸಿದೆ. ಆ ಕಾಯ್ದೆ ಎಂಟನೇ ತರಗತಿಗೇ ನಿಲ್ಲುತ್ತದೆ ಎಂದು ಒಂಬತ್ತು, ಹತ್ತರ ಮಕ್ಕಳ ಮೇಲೆ ಕೈಯೆತ್ತುವವರಿಗೆ 2015ರ ಬಾಲನ್ಯಾಯ ಕಾಯ್ದೆಯ 75ನೇ ವಿಧಿಯನ್ನು ನೆನಪಿಸಬೇಕು. ತನ್ನ ವಶದಲ್ಲಿರುವ, 18 ತುಂಬದ ಯಾವುದೇ ಮಗುವಿನ ಮೇಲೆ ನಡೆಸುವ ಕ್ರೌರ್ಯ ಅಪರಾಧ.

5. ‘ಇದು ವಯಸ್ಸಿನ ಆಟ, ತಾನಾಗಿ ಸರಿಹೋಗುತ್ತದೆ’

ಹೊಡೆಯಬೇಕೆನ್ನುವವರ ಎದುರು ಬದಿಯಲ್ಲಿ ನಿಂತವರ ವಾದ ಇದು. ಮೇಲ್ನೋಟಕ್ಕೆ ಇವರು ನನ್ನ ಪಕ್ಷದವರಂತೆ ಕಾಣುತ್ತಾರೆ. ಆದರೆ ಇವರ ಮಾತನ್ನೂ ಒಪ್ಪಲಾರೆ.

ವಯಸ್ಸಿನ ಪಾತ್ರ ಇದೆ, ನಿಜ. 2005ರಲ್ಲಿ ಮಾರ್ಗೊ ಗಾರ್ಡ್ನರ್ ಮತ್ತು ಲಾರೆನ್ಸ್ ಸ್ಟೈನ್‌ಬರ್ಗ್ 306 ಜನರಿಗೆ ಕಾರು ಓಡಿಸುವ ಆಟ ಆಡಿಸಿದರು. ಜೊತೆಯಲ್ಲಿ ಗೆಳೆಯರಿದ್ದಾಗ ಹದಿಹರೆಯದವರು ಅಪಾಯದ ಕಡೆಗೆ ಹೆಚ್ಚು ವಾಲಿದರು, ವಯಸ್ಕರಲ್ಲಿ ಅಷ್ಟು ವ್ಯತ್ಯಾಸ ಕಾಣಲಿಲ್ಲ. ಟೆರಿ ಮಾಫಿಟ್ 1993ರಲ್ಲಿ ಮಂಡಿಸಿದ ವಿವರಣೆಯ ಪ್ರಕಾರ ತಪ್ಪು ದಾರಿ ಹಿಡಿದ ಹದಿಹರೆಯದವರಲ್ಲಿ ಬಹುಮಂದಿ ಆ ಕಾಲ ಕಳೆದಂತೆ ಹೊರಬರುತ್ತಾರೆ. ಸಣ್ಣ ಗುಂಪೊಂದರ ತೊಂದರೆ ಮಾತ್ರ ಎಳವೆಯಲ್ಲೇ ಶುರುವಾಗಿ ದೊಡ್ಡವರಾದ ಮೇಲೂ ಮುಂದುವರಿಯುತ್ತದೆ.

ಆದರೆ ಎಂಟನೇ ತರಗತಿಯಲ್ಲಿ ನಿಂತು ನೋಡುವಾಗ ಯಾರು ಯಾವ ಗುಂಪಿನವರು ಎಂದು ಹಣೆಯ ಮೇಲೆ ಬರೆದಿರುವುದಿಲ್ಲ. ತಾನಾಗಿ ಸರಿಹೋಗಬಹುದಾಗಿದ್ದ ಹುಡುಗನೂ ಟಿ.ಸಿ. ಕೊಡಿಸಿಕೊಂಡರೆ, ಪೊಲೀಸ್ ಠಾಣೆ ಹತ್ತಿದರೆ, ಕುಡಿತಕ್ಕೆ ಸಿಕ್ಕರೆ ಮರಳುವ ದಾರಿ ಮುಚ್ಚಿಹೋಗುತ್ತದೆ. ನಿಮ್ಹಾನ್ಸ್ ನೇತೃತ್ವದ 2015–16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆ 13ರಿಂದ 17 ವರ್ಷದವರಲ್ಲಿ ಶೇ 7.3 ಮಂದಿಗೆ ಮಾನಸಿಕ ತೊಂದರೆ ಇದೆ ಎಂದು ಅಂದಾಜಿಸಿತು. ಸಿಡಿಮಿಡಿ, ಜಗಳ, ಶಾಲೆಗೆ ಹೋಗೆನೆಂಬ ಹಟದ ಹಿಂದೆ ಖಿನ್ನತೆ ಅಡಗಿರಬಹುದು. ಅದನ್ನು ಮಗು ಯಾರಿಗಾದರೂ ಹೇಳಬೇಕಲ್ಲವೇ? ಕಾಯುತ್ತ ಕೂರುವವರು ಆ ‘ಯಾರಾದರೂ’ ಆಗುವ ಅವಕಾಶವನ್ನು ಕಳೆದುಕೊಳ್ಳುತ್ತಾರೆ.

6. ‘ಇದೆಲ್ಲ ಪರದೇಶದ ಸಿದ್ಧಾಂತ, ನಮ್ಮ ಮನೆಗಳಿಗೆ ಒಗ್ಗುವುದಿಲ್ಲ’

ನಾನು ಮುಂದಿಟ್ಟ ಅಧ್ಯಯನಗಳಲ್ಲಿ ಹೆಚ್ಚಿನವು ಹೊರಗಿನವು. ನಮ್ಮ ಹಳ್ಳಿ, ಪೇಟೆಗಳ ಮಕ್ಕಳ ಮೇಲೆ ಇಂಥ ಕೆಲಸ ಇನ್ನೂ ಹೆಚ್ಚಾಗಿ ಆಗಬೇಕು ಎಂಬುದನ್ನು ಒಪ್ಪುತ್ತೇನೆ. ಆದರೆ ನಂಬಿಕೆಯಿಂದ ಮಗು ತಿದ್ದಿಕೊಳ್ಳುತ್ತದೆ ಎಂಬ ವಿಚಾರ ನಮಗೆ ಹೊಸದೇ?

ಗಾಂಧೀಜಿ ಆತ್ಮಕಥೆಯಲ್ಲಿ ಹೇಳಿಕೊಂಡ ಒಂದು ಘಟನೆಯನ್ನು ನಮ್ಮಲ್ಲಿ ಶಾಲೆಗೆ ಹೋದ ಪ್ರತಿಯೊಬ್ಬರೂ ಕೇಳಿದ್ದೇವೆ. ಹದಿನೈದರ ಮೋಹನದಾಸ ಅಣ್ಣನ ತೋಳಿನ ಕಡಗದಿಂದ ಚೂರು ಚಿನ್ನ ಕದ್ದು ಸಾಲ ತೀರಿಸಿದ. ಆಮೇಲೆ ಮನಸ್ಸು ತಡೆಯಲಿಲ್ಲ. ತಪ್ಪನ್ನು ಚೀಟಿಯಲ್ಲಿ ಬರೆದು, ಕಾಯಿಲೆ ಮಲಗಿದ್ದ ತಂದೆಯ ಕೈಗಿತ್ತ. ತಂದೆ ಓದಿದರು, ಕಣ್ಣೀರು ಸುರಿಸಿದರು, ಚೀಟಿ ಹರಿದುಹಾಕಿದರು. ಈ ಕತೆಯನ್ನು ನಾವು ಮಗನ ಪ್ರಾಮಾಣಿಕತೆಯ ಪಾಠವಾಗಿ ಮಾತ್ರ ಹೇಳುತ್ತ ಬಂದಿದ್ದೇವೆ. ಮಗನ ಪ್ರಾಮಾಣಿಕತೆಯಷ್ಟೇ ದೊಡ್ಡದು ಅದಕ್ಕೆ ಜಾಗ ಕೊಟ್ಟ ತಂದೆಯ ನಡತೆ. ತಂದೆ ಹೊಡೆದಾರೆಂಬ ಭಯ ತನಗಿರಲಿಲ್ಲ, ಅವರು ತಮ್ಮಲ್ಲಿ ಯಾರನ್ನೂ ಹೊಡೆದ ನೆನಪಿಲ್ಲ, ಅವರಿಗೆ ಆಗುವ ನೋವಿಗೆ ಹೆದರಿದ್ದೆ ಎಂದು ಗಾಂಧೀಜಿಯೇ ವಿವರಿಸಿದ್ದಾರೆ. ಕೈ ಎತ್ತುವ ತಂದೆಯಾಗಿದ್ದರೆ ಆ ಚೀಟಿ ಬರೆಯಲ್ಪಡುತ್ತಿತ್ತೇ? ಸ್ವೀಡನ್ನಿನ 703 ಮಕ್ಕಳು ಅಂಕಿಗಳಲ್ಲಿ ಹೇಳಿದ್ದು ರಾಜಕೋಟೆಯ ಆ ಮನೆಯಲ್ಲಿ ಹತ್ತೊಂಬತ್ತನೇ ಶತಮಾನದಲ್ಲೇ ನಡೆದಿತ್ತು.

ಪರಂಪರೆಯ ಹೆಸರಿನಲ್ಲಿ ಏಟನ್ನು ಸಮರ್ಥಿಸುವವರು ಉದಾಹರಿಸುವ ಹಳೆಯ ಸುಭಾಷಿತವೊಂದಿದೆ. ಐದು ವರ್ಷ ಮುದ್ದಿಸು, ಹತ್ತು ವರ್ಷ ದಂಡಿಸು ಎನ್ನುತ್ತದೆ ಅದು. ದಂಡನೆಯ ಭಾಗವನ್ನು ನಾನು ಒಪ್ಪುವುದಿಲ್ಲ. ಆದರೆ ಅದೇ ಸುಭಾಷಿತ ಹದಿನಾರಕ್ಕೆ ಬಂದ ಮಗನನ್ನು ಗೆಳೆಯನಂತೆ ಕಾಣು ಎಂದು ಮುಗಿಯುತ್ತದೆ. ಪಿಯುಸಿ ಮಕ್ಕಳ ಮೇಲೆ ಕೈ ಎತ್ತುವವರಿಗೆ ಪರಂಪರೆಯ ಆಸರೆಯೂ ಇಲ್ಲ.

7. ‘ಪೆಟ್ಟು ತಿಂದ ಮಗುವಿನ ಗತಿಯೇನು?’

ಎಲ್ಲ ಆಕ್ಷೇಪಗಳಲ್ಲಿ ನನ್ನನ್ನು ಹೆಚ್ಚು ತಟ್ಟುವುದು ಇದು. ಪುಂಡನ ಮನಸ್ಸು, ಪುಂಡನ ನಂಬಿಕೆ ಎಂದು ಮಾತಾಡುತ್ತ ಕೂತರೆ ಅವನಿಂದ ದಿನವೂ ನೋವುಣ್ಣುವ ಹುಡುಗಿಯನ್ನು ಮರೆತಂತಾಗುವುದಿಲ್ಲವೇ?

ಮರೆಯಬಾರದು. ಪೀಡನೆ ಅಂದೇ ನಿಲ್ಲಬೇಕು, ಮಾಡಿದವನು ಹೊಣೆ ಹೊರಬೇಕು, ಆದ ನಷ್ಟವನ್ನು ಕೈಲಾದಷ್ಟು ತುಂಬಿಕೊಡಬೇಕು. ಇದರಲ್ಲಿ ರಾಜಿಯಿಲ್ಲ. ಆದರೆ ಆ ಹುಡುಗಿಯ ಪಾಡು ನಮಗೆ ಗೊತ್ತಾಗುವುದಾದರೂ ಹೇಗೆ? ‘ಚಾಡಿ ಹೇಳಬೇಡ’, ‘ನೀನೇನು ಮಾಡಿದ್ದೆ ಮೊದಲು ಹೇಳು’ ಎಂದು ಒಮ್ಮೆ ಬೈಸಿಕೊಂಡ ಮಗು ಎರಡನೇ ಸಲ ಬಾಯಿ ಬಿಡುವುದಿಲ್ಲ. ನಂಬಿಕೆ ಮೊದಲು ಬೇಕಾದದ್ದು ನೊಂದ ಮಗುವಿಗೇ.

ನೋಡುತ್ತ ನಿಂತ ಮಕ್ಕಳಿಗೂ ಅದು ಬೇಕು. ಫಿನ್ಲೆಂಡಿನ ಕ್ರಿಸ್ಟಿನಾ ಸಾಲ್ಮಿವಲ್ಲಿ ಮತ್ತು ಸಂಗಡಿಗರು 1996ರಲ್ಲಿ ತೋರಿಸಿದಂತೆ ಪೀಡನೆ ಇಬ್ಬರ ನಡುವಿನ ವ್ಯವಹಾರವಲ್ಲ. ನಕ್ಕು ಹುರಿದುಂಬಿಸುವವರು, ಸುಮ್ಮನೆ ನೋಡುವವರು, ಬಿಡಿಸಲು ಬರುವವರು ಎಲ್ಲರೂ ಅದರ ಭಾಗ. ಆ ತಿಳಿವಿನ ಮೇಲೆ ತುರ್ಕು ವಿಶ್ವವಿದ್ಯಾಲಯ ರೂಪಿಸಿ, 2009ರಿಂದ ಫಿನ್ಲೆಂಡಿನ ಶಾಲೆಗಳಿಗೆ ತಲುಪಿದ ‘ಕಿವಾ’ ಕಾರ್ಯಕ್ರಮ ನೋಡುತ್ತ ನಿಂತವರನ್ನು ನೊಂದವರ ಪರ ನಿಲ್ಲಲು ತರಬೇತು ಮಾಡುತ್ತದೆ. ಪರೀಕ್ಷಿಸಿ ನೋಡಿದಾಗ ಪೀಡನೆ ಇಳಿದಿತ್ತು. ತರಗತಿಯ ಮುಂದೆ ಪುಂಡನನ್ನು ಅವಮಾನಿಸಿದರೆ ಆ ಮಕ್ಕಳು ಕಲಿಯುವುದು ಬಲವಿದ್ದವರು ಬಲವಿಲ್ಲದವರನ್ನು ಹೇಗೆ ಕುಗ್ಗಿಸಬಹುದು ಎಂಬುದನ್ನು. ಈ ಸಲ ಅದನ್ನು ಕಲಿಸಿದವರು ನಾವು.

8. ‘ಅರವತ್ತು ಮಕ್ಕಳ ತರಗತಿಯಲ್ಲಿ ಇದೆಲ್ಲ ಆಗುವ ಮಾತೇ?’

ಸಿಲಬಸ್, ಎಸ್ಸೆಸ್ಸೆಲ್ಸಿ ಫಲಿತಾಂಶ, ಬಿಸಿಯೂಟದ ಲೆಕ್ಕ, ಗಣತಿ, ಚುನಾವಣೆ. ಮೇಷ್ಟರು ಯಾವಾಗ ಮನಸ್ಸು ಕಟ್ಟಬೇಕು? ಈ ದೂರಿನಲ್ಲಿರುವ ದಣಿವು ನಿಜವಾದದ್ದು. ಪ್ರತಿ ಪ್ರೌಢಶಾಲೆಗೂ ತರಬೇತಾದ ಆಪ್ತಸಮಾಲೋಚಕರು ಬೇಕೆಂದು ಸರ್ಕಾರವನ್ನು ಒತ್ತಾಯಿಸುವುದರಲ್ಲಿ ನಾನು ಶಿಕ್ಷಕರ ಜೊತೆಗಿದ್ದೇನೆ.

ಆದರೆ ನಂಬಿಕೆಗೆ ಬೇರೆ ಪೀರಿಯಡ್ ಬೇಕಿಲ್ಲ. ತೀರ್ಪು ಕೊಡುವ ಮುಂಚೆ ‘ಏನಾಯಿತು?’ ಎಂದು ಕೇಳಿ, ಉತ್ತರ ಮುಗಿಯುವ ತನಕ ತಡೆದುಕೊಳ್ಳುವುದು. ತಪ್ಪನ್ನು ಎಲ್ಲರೆದುರು ಆಡದೆ ಬದಿಗೆ ಕರೆದು ಮಾತಾಡುವುದು. ‘ನಾಳೆ ನಿನ್ನ ಅಪ್ಪನ ಹತ್ತಿರ ಮಾತಾಡುತ್ತೇನೆ’ ಎಂದರೆ ನಾಳೆಯೇ ಆಡುವುದು, ಆಡುವುದಿಲ್ಲವೆಂದರೆ ಆಡದಿರುವುದು. ಮಗು ನಂಬಿ ಹೇಳಿದ್ದನ್ನು ಸ್ಟಾಫ್ ರೂಮಿನ ಹರಟೆಗೆ ವಸ್ತು ಮಾಡದಿರುವುದು. ಇವುಗಳಿಗೆ ಹಿಡಿಯುವ ಸಮಯ ಬೈಗುಳಕ್ಕೆ ಹಿಡಿಯುವುದಕ್ಕಿಂತ ಹೆಚ್ಚೇನಲ್ಲ.

ಎಲ್ಲವನ್ನೂ ಗುಟ್ಟಾಗಿಡುತ್ತೇನೆ ಎಂಬ ಭಾಷೆಯನ್ನು ಮಾತ್ರ ಕೊಡಬಾರದು. ಲೈಂಗಿಕ ದೌರ್ಜನ್ಯದ ಸುಳಿವು ಸಿಕ್ಕರೆ 2012ರ ಪೋಕ್ಸೊ ಕಾಯ್ದೆಯ 19ನೇ ವಿಧಿಯಂತೆ ಪೊಲೀಸರಿಗೆ ತಿಳಿಸುವುದು ಪ್ರತಿಯೊಬ್ಬರ ಕರ್ತವ್ಯ. ‘ನಿನ್ನ ಜೀವಕ್ಕೆ, ಮೈಗೆ ಅಪಾಯವಿದ್ದರೆ ನಾನು ಸುಮ್ಮನಿರಲಾರೆ’ ಎಂದು ಮೊದಲೇ ಹೇಳಿದರೆ ನಂಬಿಕೆ ಮುರಿಯುವುದಿಲ್ಲ, ಗಟ್ಟಿಯಾಗುತ್ತದೆ. ಶಿಕ್ಷಕರ ಕೈಮೀರಿದ್ದಕ್ಕೆ ನೆರವೂ ಇದೆ. ಹದಿಹರೆಯದವರಿಗೆಂದೇ ಸರ್ಕಾರಿ ಆಸ್ಪತ್ರೆಗಳಲ್ಲಿ ‘ಸ್ನೇಹ ಕ್ಲಿನಿಕ್’ಗಳಿವೆ. 2022ರ ಅಕ್ಟೋಬರ್‌ನಲ್ಲಿ ಆರಂಭವಾದ ಟೆಲಿ ಮಾನಸ್ ಸಹಾಯವಾಣಿ 14416 ಇದೆ. ಮಕ್ಕಳ ಸಹಾಯವಾಣಿ 1098 ಇದೆ. ಈ ಎರಡು ಸಂಖ್ಯೆಗಳು ಪ್ರತಿ ಶಾಲೆಯ ಗೋಡೆಯ ಮೇಲೆ, ಮಕ್ಕಳ ಕಣ್ಣಿಗೆ ಬೀಳುವ ಜಾಗದಲ್ಲಿ ಇರಬೇಕು.

ಆಕ್ಷೇಪ ಎತ್ತಿದವರೆಲ್ಲರನ್ನೂ ನಾನು ಕೇಳಿಕೊಳ್ಳುವುದು ಇಷ್ಟೇ. ನಿಮ್ಮ ಮನೆಯ, ನಿಮ್ಮ ತರಗತಿಯ ಒಂದು ಮಗು ದೊಡ್ಡ ತಪ್ಪೊಂದನ್ನು ಮಾಡಿದರೆ ಅದು ಮೊದಲು ಬಂದು ಯಾರಿಗೆ ಹೇಳುತ್ತದೆ ಎಂದು ಯೋಚಿಸಿ. ಹೆಸರೊಂದು ಹೊಳೆದರೆ ಆ ಮಗುವಿಗೆ ತಿದ್ದಿಕೊಳ್ಳುವ ದಾರಿಯಿದೆ. ಯಾವ ಹೆಸರೂ ಹೊಳೆಯದಿದ್ದರೆ ಬೆತ್ತ, ಬ್ಯಾಗ್ ತಪಾಸಣೆ, ಟಿ.ಸಿ. ಮೂರೂ ಆ ಕೊರತೆಯನ್ನು ತುಂಬಲಾರವು. ಆ ಹೆಸರು ನಮ್ಮದಾಗುವಂತೆ ನಡೆದುಕೊಳ್ಳಬೇಕು. ಮಗು ಮೊದಲು ನಂಬಿಕೆ ಗಳಿಸಲಿ, ಆಮೇಲೆ ನೋಡೋಣ ಎಂದು ಕಾಯುವ ಹಕ್ಕು ದೊಡ್ಡವರಿಗಿಲ್ಲ, ಏಕೆಂದರೆ ಇಬ್ಬರಲ್ಲಿ ಬಲ, ಅನುಭವ, ಅಧಿಕಾರ ಇರುವುದು ನಮ್ಮ ಕೈಯಲ್ಲಿ.